ಭಾನುವಾರ ಸಿಗಬೇಕಾದರೆ ಬುಧವಾರ ಏನಿಡಬೇಕು?

(ವಿಜಯಪುರದಲ್ಲಿ ಎಂ.ಎಸ್ಸಿ. ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಸ್ಟ್ಯಾಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾಕ್ಕೆ ಭಾನುವಾರ ಗೊತ್ತಿಲ್ಲ. ಅದನ್ನು ಬೆಳೆಸಲು ಶನಿವಾರ ಸಂಜೆ 5ಕ್ಕೆ ಇನ್ಕ್ಯುಬೇಟರ್‌ಗೆ (ಒಂದೇ ಉಷ್ಣತೆ ಕಾಯುವ ಪೆಟ್ಟಿಗೆಗೆ) ಇಟ್ಟ ಪ್ಲೇಟು ಭಾನುವಾರ ಬೆಳಿಗ್ಗೆ 11ಕ್ಕೆ ಓದಲು, ಅಂದರೆ ಫಲಿತಾಂಶ ನೋಡಲು, ತಯಾರಾಗಿ ಕೂತಿರುತ್ತದೆ. ಆ ಹೊತ್ತಿಗೆ ನೀವು ಇಂಡಿಯಲ್ಲೋ ಸಿಂದಗಿಯಲ್ಲೋ ಮನೆಯಲ್ಲಿ ಬಿಸಿ ರೊಟ್ಟಿ ಮುರಿಯುತ್ತಿರುತ್ತೀರಿ. ಸೋಮವಾರ 10ಕ್ಕೆ ಬಂದು ಬಾಗಿಲು ತೆರೆದಾಗ ಪ್ಲೇಟಿಗೆ 41 ಗಂಟೆ ಆಗಿರುತ್ತದೆ. ಆ ವಾರದ ಫಲಿತಾಂಶವೂ ಹೋಯಿತು, ಮುಂದಿನ ವಾರದ ಎರಡು ದಿನವೂ ಹೋದವು.

ಇಂದಿನ ವಿಷಯ ಲ್ಯಾಬ್ ಕೆಲಸ ಮತ್ತು ಬಿಡುವು. ಇದರ ಬಗ್ಗೆ ಸಾಮಾನ್ಯವಾಗಿ ಕೊಡುವ ಉಪದೇಶ ನಿಮಗೆಲ್ಲ ಬಾಯಿಪಾಠ ಆಗಿರುತ್ತದೆ: ಬೇಗ ಏಳಿ, ಮೊಬೈಲ್ ಬಿಡಿ, ಯೋಗ ಮಾಡಿ. ಅದನ್ನು ಇಲ್ಲಿ ಹೇಳುವುದಿಲ್ಲ. ವಿಜ್ಞಾನದ ವಿದ್ಯಾರ್ಥಿಗೆ ಬಿಡುವು ಸಿಗುವುದೂ ಕೈತಪ್ಪುವುದೂ ಒಂದೇ ಲೆಕ್ಕದ ಮೇಲೆ. ಯಾವ ಪ್ರಯೋಗ ಎಷ್ಟು ಗಂಟೆ ಬೇಡುತ್ತದೆ, ಅದನ್ನು ವಾರದ ಯಾವ ದಿನ, ಎಷ್ಟು ಹೊತ್ತಿಗೆ ಇಡಬೇಕು ಎಂಬ ಲೆಕ್ಕ. ಆ ಲೆಕ್ಕವನ್ನೇ ಬಿಡಿಸಿ ನೋಡೋಣ.

ಮೊದಲು ಒಂದು ವಾರ ನಿಮ್ಮ ಲ್ಯಾಬ್ ಹೊತ್ತನ್ನು ಮೂರು ಬಗೆಯಾಗಿ ವಿಂಗಡಿಸಿ ಬರೆದಿಡಿ. ತೂಕ ಮಾಡುವುದು, ಪ್ಲೇಟ್ ಹಾಕುವುದು, ಪಿಪೆಟ್ ಹಿಡಿಯುವುದು ಕೈ ಹೊತ್ತು. ಸಾಕ್ಸ್‌ಲೆಟ್ (ದ್ರಾವಕ ಕುದಿಸಿ ಸಾರ ಇಳಿಸುವ ಗಾಜಿನ ಉಪಕರಣ) ಓಡುತ್ತಿರುವಾಗ, ಮಿಶ್ರಣ ಬೇರ್ಪಡಿಸುವ ಕಾಲಮ್ ಇಳಿಯುತ್ತಿರುವಾಗ ಕೈ ಖಾಲಿ ಇರುತ್ತದೆ, ಆದರೆ ಬಿಟ್ಟು ಹೋಗುವಂತಿಲ್ಲ. ಅದು ಕಾವಲು ಹೊತ್ತು. ಇನ್ಕ್ಯುಬೇಟರ್ ಬಾಗಿಲು ಹಾಕಿದ ಮೇಲಿನ 18 ಗಂಟೆ ನಿಜವಾದ ಬಿಡುವಿನ ಹೊತ್ತು. ಎಡವಟ್ಟು ಎಲ್ಲಿ ಆಗುತ್ತದೆಂದರೆ, ಬಿಡುವಿನ ಹೊತ್ತಿನಲ್ಲಿ ಸುಮ್ಮನೆ ಲ್ಯಾಬಿನಲ್ಲಿ ಕೂತು ಕಾಲ ಕಳೆಯುತ್ತೇವೆ, ಕಾವಲು ಹೊತ್ತಿನಲ್ಲಿ ಚಹಾಕ್ಕೆ ಎದ್ದು ಹೋಗುತ್ತೇವೆ. ಮೊದಲನೆಯದರಿಂದ ಸಂಜೆ ಹಾಳು, ಎರಡನೆಯದರಿಂದ ಒಮ್ಮೊಮ್ಮೆ ಲ್ಯಾಬೇ ಹಾಳು.

ಒಂದು ಪ್ರಯೋಗ ತೆಗೆದುಕೊಳ್ಳೋಣ. ನಮ್ಮ ಭಾಗದಲ್ಲಿ ದಾಳಿಂಬೆಗೆ ಬರವಿಲ್ಲ, ಸಿಪ್ಪೆ ಪುಕ್ಕಟೆ ಸಿಗುತ್ತದೆ. ಸಿಪ್ಪೆಯ ಸಾರಕ್ಕೆ ಬ್ಯಾಕ್ಟೀರಿಯಾ ತಡೆಯುವ ಗುಣ ಎಷ್ಟಿದೆ ಎಂದು ನೋಡುವುದು ಎಂ.ಎಸ್ಸಿ. ಪ್ರಾಜೆಕ್ಟಿಗೆ ಒಗ್ಗುವ ಕೆಲಸ. ಇದನ್ನು ಒಂದು ವಾರದೊಳಗೆ ಕೂರಿಸುವುದು ಹೇಗೆ?

ಸೋಮವಾರ ಮೀಡಿಯಾ, ಅಂದರೆ ಬ್ಯಾಕ್ಟೀರಿಯಾ ಬೆಳೆಯುವ ಆಹಾರ. ಮುಲ್ಲರ್-ಹಿಂಟನ್ ಅಗರ್ ಪುಡಿ ಲೀಟರಿಗೆ 38 ಗ್ರಾಂ, ಅಂದರೆ 500 ಮಿ.ಲೀ.ಗೆ 19 ಗ್ರಾಂ. ಪ್ಲೇಟಿನಲ್ಲಿ ಅಗರ್ 4 ಮಿ.ಮೀ. ದಪ್ಪ ಇರಬೇಕು. 90 ಮಿ.ಮೀ. ಪ್ಲೇಟಿಗೆ ಅದು ಸುಮಾರು 25 ಮಿ.ಲೀ. ಆಗುತ್ತದೆ. ಹಾಗಾಗಿ 500 ಮಿ.ಲೀ.ಗೆ 20 ಪ್ಲೇಟು, ಅದಕ್ಕಿಂತ ಹೆಚ್ಚಿಲ್ಲ. ಉಳಿತಾಯ ಮಾಡಲು ಹೋಗಿ 30 ಪ್ಲೇಟು ಹಾಕಿದರೆ ಅಗರ್ ತೆಳುವಾಗುತ್ತದೆ, ಔಷಧ (ಇಲ್ಲಿ ಸಿಪ್ಪೆಯ ಸಾರ) ಕೆಳಗಿಳಿಯಲು ಜಾಗ ಸಾಲದೆ ಬದಿಗೆ ಹರಡುತ್ತದೆ, ಝೋನ್ (ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತ) ಸುಳ್ಳೇ ದೊಡ್ಡದಾಗಿ ಕಾಣುತ್ತದೆ. ದಪ್ಪ ಹೆಚ್ಚಾದರೆ ಇದರ ಉಲ್ಟಾ.

500 ಮಿ.ಲೀ. ಮೀಡಿಯಾಕ್ಕೆ ಒಂದು ಲೀಟರ್ ಫ್ಲಾಸ್ಕ್ ಬೇಕು. ಹತ್ತಿ ಬೆಣೆ ಸಡಿಲ ಇರಲಿ. ಆಟೋಕ್ಲೇವ್ (ಹಬೆಯ ಒತ್ತಡದಲ್ಲಿ ಕ್ರಿಮಿಶುದ್ಧ ಮಾಡುವ ಪಾತ್ರೆ) ತಳದಲ್ಲಿ ನೀರು ಕಾಯಿಲ್ ಮುಳುಗುವಷ್ಟು ಇದೆಯೇ ಎಂದು ಪ್ರತಿ ಸಲ ನೋಡಿ. ಹಬೆ ಒಂದೇ ಸಮನೆ ಜೋರಾಗಿ ಬರುವ ತನಕ ವಾಲ್ವ್ ಮುಚ್ಚಬೇಡಿ. ಒಳಗೆ ಗಾಳಿ ಉಳಿದರೆ ಮುಳ್ಳು 15 ಪೌಂಡ್ ತೋರಿಸುತ್ತದೆ, ಆದರೆ ಉಷ್ಣತೆ 121 ಡಿಗ್ರಿಗೆ ಮುಟ್ಟಿರುವುದಿಲ್ಲ. ಎರಡು ದಿನ ಬಿಟ್ಟು ಎಲ್ಲ ಪ್ಲೇಟಿನಲ್ಲೂ ಒಂದೇ ಬಗೆಯ ಬಿಳಿ ಕಾಲೊನಿ ಎದ್ದರೆ ಮೊದಲು ಅನುಮಾನ ಪಡಬೇಕಾದ್ದು ಇಲ್ಲೇ. ಸಣ್ಣ ಟ್ಯೂಬಿಗೆ 15 ನಿಮಿಷ ಸಾಕು, ಅರ್ಧ ಲೀಟರಿಗೆ 20 ನಿಮಿಷ ಕೊಡಿ. ಸ್ವಿಚ್ ಆರಿಸಿದ ಮೇಲೆ ಮುಳ್ಳು ತಾನಾಗಿ ಸೊನ್ನೆಗೆ ಬರಬೇಕು. ಬಸ್ಸಿಗೆ ಹೊತ್ತಾಯಿತೆಂದು ಹಬೆ ಬಿಟ್ಟರೆ ಮೀಡಿಯಾ ಉಕ್ಕಿ ಅರ್ಧ ಫ್ಲಾಸ್ಕ್ ಹೊರಗೆ. ಬಿಸಿಯೇರುವುದು, ನಿಲ್ಲುವುದು, ಇಳಿಯುವುದು ಎಲ್ಲ ಸೇರಿ ಒಂದೂಮುಕ್ಕಾಲು ಗಂಟೆ ಹಿಡಿಯಿರಿ. ಇದರಲ್ಲಿ ಕೊನೆಯ ಮುಕ್ಕಾಲು ಗಂಟೆ ಮಾತ್ರ ಊಟಕ್ಕೆ ಹೋಗುವ ಹೊತ್ತು, ಮೊದಲಿನದು ಕಾವಲು. ಫ್ಲಾಸ್ಕ್ 45ರಿಂದ 50 ಡಿಗ್ರಿಗೆ ಇಳಿದಾಗ, ಅಂದರೆ ಕೆನ್ನೆಗೆ ತಾಗಿಸಿದರೆ ತಡೆದುಕೊಳ್ಳುವಷ್ಟಾದಾಗ, ಪ್ಲೇಟಿಗೆ ಹಾಕಿ. ಹೆಚ್ಚು ಬಿಸಿ ಇದ್ದರೆ ಮುಚ್ಚಳದಲ್ಲಿ ನೀರು ಕಟ್ಟುತ್ತದೆ, 40ರ ಹತ್ತಿರ ಬಂದರೆ ಗಂಟುಗಂಟಾಗುತ್ತದೆ. ಹೆಸರು, ತಾರೀಕು ತಳದ ಮೇಲೆ ಬರೆಯಿರಿ. ಮುಚ್ಚಳದ ಮೇಲೆ ಬರೆದದ್ದು ಮುಚ್ಚಳ ಅದಲುಬದಲಾದ ದಿನ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಎರಡು ಪ್ಲೇಟನ್ನು ಖಾಲಿಯಾಗಿಯೇ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ಮಂಗಳವಾರ ಅವು ಸ್ವಚ್ಛ ಇದ್ದರೆ ಉಳಿದ 18ಕ್ಕೂ ಭರವಸೆ.

ಮಂಗಳವಾರ ಸಾಕ್ಸ್‌ಲೆಟ್. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ವಿಜಯಪುರದ ಬೇಸಿಗೆಯಲ್ಲಿ ವಿದ್ಯಾರ್ಥಿಯ ದಿನವನ್ನು ಇದರಷ್ಟು ನುಂಗುವ ಉಪಕರಣ ಇನ್ನೊಂದಿಲ್ಲ.

ನೆರಳಲ್ಲಿ ಒಣಗಿಸಿ, ಚಟ್ಟನೆ ಮುರಿಯುವಂತಾದ ಸಿಪ್ಪೆಯನ್ನು ಪುಡಿ ಮಾಡಿ. 25 ಗ್ರಾಂ ಪುಡಿ ಥಿಂಬಲ್‌ಗೆ (ಸಾಕ್ಸ್‌ಲೆಟ್ ಒಳಗಿನ ಸೋಸುವ ಚೀಲಕ್ಕೆ), 250 ಮಿ.ಲೀ. ಮೆಥನಾಲ್ 500 ಮಿ.ಲೀ. ಫ್ಲಾಸ್ಕಿಗೆ, ಜೊತೆಗೆ ಒಂದೆರಡು ಪಿಂಗಾಣಿ ಚೂರು. ಚೂರು ಹಾಕಲು ಮರೆತರೆ ದ್ರಾವಕ ಒಮ್ಮೆಲೇ ಎಗರುತ್ತದೆ. ಮರೆತದ್ದು ನಡುವೆ ನೆನಪಾದರೆ ಬಿಸಿ ದ್ರಾವಕಕ್ಕೆ ಹಾಕಲೇಬೇಡಿ, ಪೂರ್ತಿ ಆರಿಸಿ ಹಾಕಿ. ಪುಡಿಯ ಮಟ್ಟ ಸೈಫನ್ ನಳಿಕೆಯ ತುದಿಗಿಂತ ಕೆಳಗಿರಲಿ, ಇಲ್ಲದಿದ್ದರೆ ಮೇಲಿನ ಪುಡಿ ನೆನೆಯುವುದೇ ಇಲ್ಲ. ನೀರು, ಹಬೆ ತಂಪು ಮಾಡುವ ಕಂಡೆನ್ಸರಿನ ಕೆಳಗಿನಿಂದ ಒಳಗೆ, ಮೇಲಿನಿಂದ ಹೊರಗೆ. ಓಟ ಆರರಿಂದ ಎಂಟು ಗಂಟೆ. ಜೋಡಿಸುವುದು, ಆರಿಸುವುದು ಸೇರಿದರೆ ಒಂದು ದಿನ ಪೂರಾ.

ಇನ್ನು ನೀರಿನ ಮಾತು. ಮೆಥನಾಲ್ ಕುದಿಯುವುದು 64.7 ಡಿಗ್ರಿಗೆ, ಅಸಿಟೋನ್ 56ಕ್ಕೆ, ಡೈಈಥೈಲ್ ಈಥರ್ ಬರೀ 34.6ಕ್ಕೆ. ಏಪ್ರಿಲ್-ಮೇ ಮಧ್ಯಾಹ್ನ ಮಹಡಿ ಮೇಲಿನ ಟ್ಯಾಂಕಿನ ನೀರಿಗೆ ಕೈ ಇಟ್ಟು ನೋಡಿ, ಸ್ನಾನಕ್ಕೆ ಬೇರೆ ಕಾಯಿಸುವುದು ಬೇಡ. ಆ ನೀರು ಓಡಿಸಿದರೆ ಈಥರ್ ಹಬೆ ಕಂಡೆನ್ಸರಿನಲ್ಲಿ ನಿಲ್ಲದೆ ಸೀದಾ ಕೋಣೆಗೆ ಬರುತ್ತದೆ. ಬೇಸಿಗೆಯಲ್ಲಿ ಈಥರ್ ಮುಟ್ಟಲೇಬೇಡಿ. ಮೆಥನಾಲ್ ತಡೆದುಕೊಳ್ಳುತ್ತದೆ, ಆದರೆ ನಲ್ಲಿ ನಡುವೆ ನಿಂತರೆ ಅದೂ ಹಾರಿಹೋಗುತ್ತದೆ, ಫ್ಲಾಸ್ಕ್ ಒಣಗುತ್ತದೆ, ಅದನ್ನು ಕಾಯಿಸುವ ಮ್ಯಾಂಟಲ್ ಮಾತ್ರ ಕಾಯುತ್ತಲೇ ಇರುತ್ತದೆ. ಬೆಂಕಿ ಹತ್ತುವ ದಾರಿ ಇದೇ.

ಅದಕ್ಕೆ ಕೂಲರ್ ಪಂಪ್ ಒಳ್ಳೆಯ ಉಪಾಯ: 20 ಲೀಟರ್ ಬಕೆಟ್, ಅದರೊಳಗೆ ಪಂಪ್, ಪೈಪ್ ಕಂಡೆನ್ಸರಿಗೆ ಹೋಗಿ ತಿರುಗಿ ಬಕೆಟ್ಟಿಗೆ. ನಲ್ಲಿಯ ನೀರೂ ಉಳಿಯುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಕಂಡೆನ್ಸರಿಗೆ 150 ವ್ಯಾಟ್ ಶಾಖ ಬರುತ್ತಿದೆ ಎಂದುಕೊಂಡರೆ ಗಂಟೆಗೆ 540 ಕಿಲೋಜೂಲ್. 20 ಲೀಟರ್ ನೀರು ಅದರಿಂದ ಗಂಟೆಗೆ ಸುಮಾರು ಆರೂವರೆ ಡಿಗ್ರಿ ಏರುತ್ತದೆ. ಬೆಳಿಗ್ಗೆ 28 ಇದ್ದ ಬಕೆಟ್ ಮೂರೇ ಗಂಟೆಗೆ 47. ಒಂದು ಕಿಲೋ ಮಂಜುಗಡ್ಡೆ ಕರಗುವಾಗ 334 ಕಿಲೋಜೂಲ್ ಎಳೆದುಕೊಳ್ಳುತ್ತದೆ, ಅಂದರೆ ಫ್ರೀಜರಿನಲ್ಲಿ ಗಟ್ಟಿ ಮಾಡಿದ ಒಂದು ಲೀಟರ್ ನೀರಿನ ಬಾಟಲಿ ಸುಮಾರು 40 ನಿಮಿಷಕ್ಕೆ ಬರುತ್ತದೆ. ಬಿಡಿ ಮಂಜುಗಡ್ಡೆಗಿಂತ ಬಾಟಲಿಯೇ ವಾಸಿ. ಬಕೆಟ್ ತುಂಬಿ ಚೆಲ್ಲುವುದಿಲ್ಲ, ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬಹುದು. ಹಿಂದಿನ ಸಂಜೆಯೇ ಹತ್ತು ಬಾಟಲಿ ಇಟ್ಟಿರಬೇಕು. ಬೆಳಿಗ್ಗೆ 7ಕ್ಕೆ ಶುರು ಮಾಡಿದರೆ 2ಕ್ಕೆ ಮುಗಿದು, ಉರಿಬಿಸಿಲಿನ ಹೊತ್ತಿಗೆ ಆರಿಸಿ ಆಗಿರುತ್ತದೆ. 11ಕ್ಕೆ ಶುರು ಮಾಡುವವರು ಸಂಜೆ 7ರ ತನಕ ಮ್ಯಾಂಟಲ್ ಮುಂದೆ ಕೂರುತ್ತಾರೆ, ಮೈದಾನದಲ್ಲಿ ಉಳಿದವರು ವಾಲಿಬಾಲ್ ಆಡುವ ಸದ್ದು ಕಿಟಕಿಯಿಂದ ಕೇಳುತ್ತಾ.

ಆ ಏಳು ಗಂಟೆ ಕಾವಲಿನಲ್ಲಿ ಏನು ಮಾಡಬಹುದು? ಸೈಫನ್ 15-20 ನಿಮಿಷಕ್ಕೊಮ್ಮೆ ಇಳಿಯುತ್ತದೆ, ಪ್ರತಿ ಸಲ ಗೀಟು ಹಾಕಿ. ಆ ತುಂಡು ಹೊತ್ತಿಗೆ ತುಂಡು ಕೆಲಸವೇ ಸರಿ. ಸಿಎಸ್ಐಆರ್-ನೆಟ್ ಲೈಫ್ ಸೈನ್ಸಸ್ ಪರೀಕ್ಷೆಗೆ ಓದುವವರು ಭಾಗ ಎ ಲೆಕ್ಕಗಳನ್ನು ಇಲ್ಲಿ ಮಾಡಬಹುದು, ನಡುವೆ ಎದ್ದರೂ ನಷ್ಟವಿಲ್ಲ. ಭಾಗ ಸಿ ಬೇರೆ ಮಾತು. 75 ಪ್ರಶ್ನೆಯಲ್ಲಿ 25 ಆರಿಸಿ ಬರೆಯಬೇಕು, 200ರಲ್ಲಿ 100 ಅಂಕ ಅಲ್ಲೇ ಇದೆ. ಅದಕ್ಕೆ ಯಾರೂ ಕರೆಯದ ಎರಡು ಗಂಟೆ ಬೇಕು. ಸಾಕ್ಸ್‌ಲೆಟ್ ಮುಂದೆ ಕೂತು ಭಾಗ ಸಿ ಓದಿದೆ ಎನ್ನುವವರು ಎರಡನ್ನೂ ಅರ್ಧರ್ಧ ನೋಡಿರುತ್ತಾರೆ.

ಬುಧವಾರ ಸಾರ ಒಣಗಿಸುವ ದಿನ. ದ್ರಾವಕ ಹಾರಿಸುವ ರೋಟರಿ ಇವ್ಯಾಪೊರೇಟರ್ 40 ಡಿಗ್ರಿ, ಆಮೇಲೆ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸುವ ಡೆಸಿಕೇಟರ್. ಮೆಥನಾಲ್ ಉಳಿದರೆ ಶುಕ್ರವಾರ ಕಾಣುವ ಝೋನಿನಲ್ಲಿ ಮೆಥನಾಲಿನ ಪಾಲೂ ಇರುತ್ತದೆ, ದಾಳಿಂಬೆಯದು ಎಷ್ಟೆಂದು ತಿಳಿಯುವುದಿಲ್ಲ. ಸಂಜೆ 4ಕ್ಕೆ ಸ್ಟಾಕಿನಿಂದ ಸ್ಟ್ಯಾಫೈಲೋಕಾಕಸ್, ಇ. ಕೊಲೈ ಎರಡನ್ನೂ ನ್ಯೂಟ್ರಿಯೆಂಟ್ ಅಗರ್ ಮೇಲೆ ಗೆರೆ ಎಳೆದು ಇಡಿ. ಗುರುವಾರ ಮಧ್ಯಾಹ್ನ 2ಕ್ಕೆ ಅವು 22 ಗಂಟೆಯ ತಾಜಾ ಕಾಲೊನಿ. ಪ್ರಯೋಗಕ್ಕೆ ಬೇಕಾದ್ದು 18ರಿಂದ 24 ಗಂಟೆಯವೇ.

ಗುರುವಾರ ಮಧ್ಯಾಹ್ನದ ಎರಡು ಗಂಟೆಗೆ ವಾರದಲ್ಲೇ ಅತಿ ಹೆಚ್ಚು ಗಮನ ಬೇಕು. ಮೂರ್ನಾಲ್ಕು ಕಾಲೊನಿಯನ್ನು ಸಲೈನಿನಲ್ಲಿ ಕದಡಿ, 0.5 ಮ್ಯಾಕ್‌ಫರ್ಲೆಂಡ್ ಎಂಬ ಅಳತೆಯ ಟ್ಯೂಬಿನ ಮಬ್ಬಿಗೆ ಸರಿದೂಗಿಸಬೇಕು. ಆ ಟ್ಯೂಬನ್ನು ಕೊಂಡುತರಬೇಕೆಂದಿಲ್ಲ. 1.175 ಪ್ರತಿಶತ ಬೇರಿಯಂ ಕ್ಲೋರೈಡ್ ದ್ರಾವಣ 0.05 ಮಿ.ಲೀ., 1 ಪ್ರತಿಶತ ಸಲ್ಫ್ಯೂರಿಕ್ ಆಮ್ಲ 9.95 ಮಿ.ಲೀ., ಇಷ್ಟೇ. ಅಲುಗಾಡಿಸಿ, ಕಪ್ಪು ಗೆರೆ ಎಳೆದ ಬಿಳಿ ಕಾರ್ಡಿನ ಮುಂದೆ ಎರಡನ್ನೂ ಹಿಡಿದು ನೋಡಿ. ಮಿ.ಲೀ.ಗೆ ಸುಮಾರು ಹದಿನೈದು ಕೋಟಿ ಬ್ಯಾಕ್ಟೀರಿಯಾ ಎಂದು ಆ ಮಬ್ಬಿನ ಅರ್ಥ. ಇಲ್ಲಿಂದ ಎಲ್ಲವೂ ಕಾಲು ಗಂಟೆಯ ಲೆಕ್ಕ. ಕದಡಿದ 15 ನಿಮಿಷದೊಳಗೆ ಸ್ವಾಬ್ ಮಾಡಬೇಕು (ಹತ್ತಿ ಕಡ್ಡಿಯಿಂದ ಪ್ಲೇಟಿಗೆ ಸವರಬೇಕು), ಸ್ವಾಬ್ ಆದ 15 ನಿಮಿಷದೊಳಗೆ ಸಾರ ಹೀರಿದ ಡಿಸ್ಕ್ ಇಡಬೇಕು ಇಲ್ಲವೇ ಅಗರಿನಲ್ಲಿ ಬಾವಿ ಕೊರೆದು ಸಾರ ತುಂಬಬೇಕು, ಮತ್ತೆ 15 ನಿಮಿಷದೊಳಗೆ ಇನ್ಕ್ಯುಬೇಟರ್. ತಡವಾದಷ್ಟೂ ಬ್ಯಾಕ್ಟೀರಿಯಾ ಔಷಧಕ್ಕಿಂತ ಮುಂದೆ ಓಡಿ ಝೋನ್ ಕಿರಿದಾಗುತ್ತದೆ. 12 ಪ್ಲೇಟನ್ನು ಸಾಲಾಗಿ ಹರಡಿಕೊಂಡು ಎಲ್ಲಕ್ಕೂ ಸ್ವಾಬ್ ಮಾಡಿ ಆಮೇಲೆ ಬಾವಿ ಕೊರೆಯುವ ಅಭ್ಯಾಸ ಇದ್ದರೆ ಬಿಡಿ. ಮೊದಲನೆಯ ಪ್ಲೇಟಿಗೂ ಹನ್ನೆರಡನೆಯದಕ್ಕೂ ತಾಳೆಯೇ ಇರುವುದಿಲ್ಲ. ನಾಲ್ಕು ನಾಲ್ಕರ ಕಂತಿನಲ್ಲಿ ಮಾಡಿ. ಬಾವಿ 6 ಮಿ.ಮೀ., ಪ್ರತಿಯೊಂದಕ್ಕೂ 50 ಮೈಕ್ರೋಲೀಟರ್, ಸಾರ ಕರಗಿಸಲು ಬಳಸುವ ದ್ರಾವಕ ಡಿಎಂಎಸ್‌ಒ ಒಂದನ್ನೇ, ಸಾರವಿಲ್ಲದೆ, ಹಾಕಿದ ಒಂದು ಬಾವಿ ಕಡ್ಡಾಯ.

ಈಗ ಗಡಿಯಾರ ನೋಡಿ. ಓದಬೇಕಾದ್ದು 16ರಿಂದ 18 ಗಂಟೆಗೆ. ಸಂಜೆ 4ಕ್ಕೆ ಇಟ್ಟರೆ ಶುಕ್ರವಾರ ಬೆಳಿಗ್ಗೆ 10ಕ್ಕೆ ಸರಿಯಾಗಿ 18. ಹುರುಪಿನಲ್ಲಿ ಬೆಳಿಗ್ಗೆ 11ಕ್ಕೇ ಇಟ್ಟವರಿಗೆ ಓದುವ ಹೊತ್ತು ಬೆಳಗಿನ ಜಾವ 5. ಇದೇ ಕಾರಣಕ್ಕೆ ರಾತ್ರಿಯಿಡೀ ಬೆಳೆಯುವ ಯಾವುದನ್ನೂ ಮಧ್ಯಾಹ್ನ 3ಕ್ಕಿಂತ ಮೊದಲು ಇಡಬಾರದು. ಗುರುವಾರ ಸಂಜೆ 4ರಿಂದ ಶುಕ್ರವಾರ 10ರ ತನಕ ಲ್ಯಾಬಿನಲ್ಲಿ ನಿಮಗೆ ಕೆಲಸವೇ ಇಲ್ಲ. ಸಿನಿಮಾಕ್ಕೋ ಬಜಾರಿಗೋ ಹೋಗುವುದಿದ್ದರೆ ಗುರುವಾರ ಹೋಗಿ. ಹೊರಡುವ ಮೊದಲು ಹೊಸ ಗೆರೆ ಪ್ಲೇಟೂ ಎಳೆದಿಟ್ಟಿದ್ದರೆ, ಶುಕ್ರವಾರ ರೀಡಿಂಗ್ ಕೆಟ್ಟರೂ ಆ ತಾಜಾ ಕಾಲೊನಿಯಿಂದ ಅಂದೇ ಸಂಜೆ 4ಕ್ಕೆ ಮತ್ತೆ ಇಟ್ಟು ಶನಿವಾರ 10ಕ್ಕೆ ಓದಬಹುದು. ಅದು ವಾರದ ಕೊನೆಯ ಬಸ್ಸು. ಅದು ತಪ್ಪಿದರೆ ಸೋಮವಾರವೇ.

ಎಲ್ಲರದೂ 18 ಗಂಟೆಯ ಜೀವಿಗಳಲ್ಲ. 48 ಗಂಟೆ ಬೇಕಾದ್ದನ್ನು ಶುಕ್ರವಾರ ಇಡಬೇಡಿ, ಭಾನುವಾರಕ್ಕೆ ಬೀಳುತ್ತದೆ. 72 ಗಂಟೆಯದು ಶುಕ್ರವಾರಕ್ಕೆ ಹೇಳಿ ಮಾಡಿಸಿದ್ದು, ಸೋಮವಾರ ಓದಬಹುದು. ಐದು ದಿನದ ಶಿಲೀಂಧ್ರವನ್ನು ಬುಧವಾರ ಇಟ್ಟರೆ ಸೋಮವಾರ ತಯಾರು, ಮಂಗಳವಾರ ಇಟ್ಟರೆ ಭಾನುವಾರ ತಯಾರು. ಒಂದೇ ದಿನದ ವ್ಯತ್ಯಾಸದಲ್ಲಿ ಒಂದು ಭಾನುವಾರ. ಏಳು ದಿನ ಬೇಡುವ ಸ್ಟ್ರೆಪ್ಟೋಮೈಸಿಸ್ ಎಂಬ ಬ್ಯಾಕ್ಟೀರಿಯಾ ಬಹಳ ಸಭ್ಯ ಜೀವಿ, ಯಾವ ದಿನ ಇಟ್ಟರೆ ಮುಂದಿನ ವಾರ ಅದೇ ದಿನ ತಯಾರು. ತೊಗರಿ ಬೇರಿನ ಗಂಟಿನಿಂದ ರೈಜೋಬಿಯಂ ತೆಗೆಯುವವರಿಗೆ ಮಾತ್ರ ಕಷ್ಟ. ಬೇಗ ಬೆಳೆಯುವವು ಮೂರು ದಿನಕ್ಕೆ ಕಾಣುತ್ತವೆ, ನಿಧಾನದವು ಏಳಾದರೂ ಸತಾಯಿಸುತ್ತವೆ. ಅವರು ಶುಕ್ರವಾರ ಇಟ್ಟು ಸೋಮವಾರದಿಂದ ದಿನಕ್ಕೊಮ್ಮೆ ನೋಡುವುದೇ ಮೇಲು.

ಬೇಸಿಗೆಯಲ್ಲಿ ಇನ್ನೊಂದು ಮೋಸವಿದೆ. ಸಾದಾ ಇನ್ಕ್ಯುಬೇಟರಿನಲ್ಲಿ ಇರುವುದು ಹೀಟರ್ ಮಾತ್ರ. ಕೋಣೆಯೇ 38-40 ಡಿಗ್ರಿ ಇದ್ದಾಗ ಗುಂಡಿಯನ್ನು 28ಕ್ಕೆ ತಿರುಗಿಸಿದರೆ ಹೀಟರ್ ಆರುತ್ತದೆ, ಪೆಟ್ಟಿಗೆ ತಂಪಾಗುವುದಿಲ್ಲ. ಒಳಗಿನ ಶಿಲೀಂಧ್ರ ಬೇಯುತ್ತದೆ. ಅದಕ್ಕೆ ತಂಪು ಮಾಡುವ ಬಿಒಡಿ ಇನ್ಕ್ಯುಬೇಟರ್ ಬೇಕು. ಅದು ಒಂದೇ ಇದ್ದರೆ ಅದರ ಪಾಳಿಯನ್ನು ಮೊದಲೇ ಬರೆಸಿ, ಆಮೇಲೆ ವಾರ ಹಾಕಿಕೊಳ್ಳಿ.

ಊರಿಗೆ ಹೋಗುವ ವಿಷಯ. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ಶನಿವಾರ ಹೋಗಿ ಸೋಮವಾರ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಗಂಟು ಹೊತ್ತು ಬರುತ್ತೀರಿ. ಬಹಳಷ್ಟು ಹೆಣ್ಣುಮಕ್ಕಳಿಗೆ ಮನೆಗೆ ಹೋಗುವುದು ಬಿಡುವಲ್ಲ, ಇನ್ನೊಂದು ಪಾಳಿ: ಒಲೆ, ಬಟ್ಟೆ, ಸುಗ್ಗಿಯಲ್ಲಿ ಹೊಲ. ಅದನ್ನು ವಾರದ ಲೆಕ್ಕದಲ್ಲಿ ಬಿಡುವು ಎಂದು ಬರೆದುಕೊಂಡರೆ ಲೆಕ್ಕವೇ ಸುಳ್ಳು. ಅಂಥವರು ಗುರುವಾರದ ಸಂಜೆಯನ್ನು ಯಾರಿಗೂ ಬಿಟ್ಟುಕೊಡಬಾರದು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗಲೇಬೇಕು, ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ತಪ್ಪಿಸುವ ಹಾಗಿಲ್ಲ. ಸೆಮಿಸ್ಟರ್ ಶುರುವಿನಲ್ಲೇ ಆ ತಾರೀಕುಗಳಿಗೆ ಗುರುತು ಹಾಕಿ, ಏಳು ದಿನದ ಪ್ರಯೋಗ ಯಾವುದೂ ಅವುಗಳ ಮೇಲೆ ಹಾಯದಂತೆ ನೋಡಿಕೊಳ್ಳಿ.

ಹತ್ತು ದಿನ ಹೋಗುವುದಿದ್ದರೆ ಗ್ಲಿಸರಾಲ್ ಸ್ಟಾಕ್ ಮಾಡಿಡಿ. ರಾತ್ರಿ ಬೆಳೆದ ಕಲ್ಚರ್ ಅರ್ಧ ಮಿ.ಲೀ., ಕ್ರಿಮಿಶುದ್ಧ ಮಾಡಿದ 50 ಪ್ರತಿಶತ ಗ್ಲಿಸರಾಲ್ ಅರ್ಧ ಮಿ.ಲೀ., ಚೆನ್ನಾಗಿ ಬೆರೆಸಿ ಮೈನಸ್ 80ಕ್ಕೆ. ಅದಿಲ್ಲದಿದ್ದರೆ ಮೈನಸ್ 20 ಕೆಲವು ತಿಂಗಳಿಗೆ ಸಾಕು. ಕರೆಂಟಿನ ಭಯ ಇದ್ದರೆ ಅದೇ ಫ್ರೀಜರಿನಲ್ಲಿ ಒಂದು ಲೋಟ ನೀರು ಗಟ್ಟಿ ಮಾಡಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ಮಂಜುಗಡ್ಡೆಯ ತಳದಲ್ಲಿ ಸಿಕ್ಕಿಕೊಂಡಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ.

ಬಿಡುವಿನಲ್ಲಿ ಏನು ಮಾಡಬೇಕೆಂದು ಹೇಳುವುದು ನಮ್ಮ ಕೆಲಸವಲ್ಲ. ಮಲಗಿದರೂ ಬಿಡುವೇ. ಆದರೆ ಈ ಊರಿನಲ್ಲಿ ಇದ್ದು ಗೋಳಗುಮ್ಮಟಕ್ಕೆ ಮುಂಜಾನೆ, ಜನ ಸೇರುವ ಮೊದಲು, ಹೋಗದವರು ಇದ್ದೀರಿ ಎಂದರೆ ನಂಬುವುದು ಕಷ್ಟ. ಮೂಲೆಯ ಮಿನಾರಿನ ಏಳು ಅಂತಸ್ತು ಹತ್ತಿ, ಒಳಗಿನ ಸುತ್ತು ಮೊಗಸಾಲೆಯಲ್ಲಿ ಗೋಡೆಗೆ ಬಾಯಿ ಕೊಟ್ಟು ಪಿಸುಗುಟ್ಟಿ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಗೋಡೆ ಹಿಡಿದು ಎದುರು ಬದಿಗೆ 60 ಮೀಟರ್. ಶಬ್ದಕ್ಕೆ ಅದು ಸೆಕೆಂಡಿನ ಆರನೇ ಒಂದು ಭಾಗದ ದಾರಿ. ಪೂರ್ತಿ ಭಾನುವಾರ ಕೈಗೆ ಸಿಕ್ಕರೆ ಗದಗ ಕಡೆಯ ರೈಲು ಹಿಡಿದು ಬಾದಾಮಿಗೆ ಹೋಗಿ ಬರಬಹುದು. ಆಲಮಟ್ಟಿ ದಾಟುವಾಗ ಕಿಟಕಿಯ ಹತ್ತಿರ ಕೂಡ್ರಿ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದೆ.

"ಸರ್, ಆಂಪಿಸಿಲಿನ್ ಪ್ಲೇಟ್ ಶನಿವಾರವೇ ಹಾಕಬೇಕಾಗಿ ಬಂದರೆ?" ಹಾಕಿ, ಆದರೆ ಭಾನುವಾರ ಬೆಳಿಗ್ಗೆ ತೆಗೆದು ಫ್ರಿಜ್‌ಗೆ ಇಡಲು ಹಾಸ್ಟೆಲಿನಲ್ಲಿ ಇರುವ ಒಬ್ಬರನ್ನು ಒಪ್ಪಿಸಿ. 24 ಗಂಟೆ ದಾಟಿದರೆ ನಿಜವಾದ ಕಾಲೊನಿ, ಅಂದರೆ ಪ್ಲಾಸ್ಮಿಡ್ (ಆಂಪಿಸಿಲಿನ್ ತಡೆಯುವ ಜೀನ್ ಹೊತ್ತ ಡಿಎನ್‌ಎ ಉಂಗುರ) ಇರುವುದು, ಬಿಡುವ ಕಿಣ್ವ ಸುತ್ತಲಿನ ಆಂಪಿಸಿಲಿನ್ ಅನ್ನು ತಿಂದುಹಾಕುತ್ತದೆ. ಆ ಖಾಲಿ ಜಾಗದಲ್ಲಿ ಪ್ಲಾಸ್ಮಿಡ್ ಇಲ್ಲದ ಪುಡಿ ಕಾಲೊನಿಗಳು ಅಕ್ಕಿನುಚ್ಚು ಚೆಲ್ಲಿದ ಹಾಗೆ ಏಳುತ್ತವೆ. ಅದನ್ನೇ ಆರಿಸಿ ಬೆಳೆಸಲು ಹೋದರೆ ಸೋಮವಾರದ ಆಂಪಿಸಿಲಿನ್ ಬ್ರಾತ್ (ದ್ರವ ಮೀಡಿಯಾ) ಏನೂ ಬೆಳೆಯದೆ ತಿಳಿಯಾಗಿಯೇ ಉಳಿಯುತ್ತದೆ. ಇನ್ನೊಬ್ಬರ ಭಾನುವಾರ ಕೇಳಿದ ಮೇಲೆ ಮುಂದಿನ ಭಾನುವಾರ ಅವರ ಪ್ಲೇಟು ನಿಮ್ಮ ಪಾಳಿ. ಚೀಟಿಯಲ್ಲಿ ಎಷ್ಟು ಪ್ಲೇಟು, ಯಾವ ಇನ್ಕ್ಯುಬೇಟರ್, ಎಷ್ಟು ಹೊತ್ತಿಗೆ ತೆಗೆಯಬೇಕು, ತೆಗೆದು ಯಾವ ಖಾನೆಗೆ ಇಡಬೇಕು, ನಾಲ್ಕೂ ಬರೆದಿರಲಿ. "ನನ್ನ ಪ್ಲೇಟ್ ತೆಗೆದಿಡು" ಎಂದು ಮೆಸೇಜ್ ಮಾಡಿದರೆ ಅವರು ಯಾರ ಪ್ಲೇಟನ್ನಾದರೂ ತೆಗೆದಾರು.

"ಭಾನುವಾರ ಗೈಡ್ ಫೋನ್ ಮಾಡಿ ಲ್ಯಾಬಿಗೆ ಬಾ ಅಂದರೆ ಏನು ಮಾಡೋದು?" ನಗು ಬಂತು, ಆದರೆ ಪ್ರಶ್ನೆ ಸರಿಯಾದದ್ದೇ. ಗೈಡ್ ಕರೆಯುವುದು ಬಹುಮಟ್ಟಿಗೆ ಕೆಲಸ ಎಲ್ಲಿಗೆ ಬಂದಿದೆ ಎಂದು ಗೊತ್ತಿಲ್ಲದಾಗ. ಶುಕ್ರವಾರ ಮಧ್ಯಾಹ್ನ ನೋಟ್‌ಬುಕ್ ಬರೆದು ಮುಗಿಸಿದ ಮೇಲೆ ನಾಲ್ಕು ಸಾಲು ಕಳಿಸಿ: ಈ ವಾರದ ರೀಡಿಂಗ್ ಇಷ್ಟು, ಕೆಟ್ಟದ್ದು ಇದು, ಈಗ ಇನ್ಕ್ಯುಬೇಟರಿನಲ್ಲಿ ಇರುವುದು ಇದು, ಹೊರಬರುವುದು ಸೋಮವಾರ 10ಕ್ಕೆ. ಇಷ್ಟಾದ ಮೇಲೂ ಫೋನ್ ಬಂದರೆ, ಆ ದಿನ ಲ್ಯಾಬಿನಲ್ಲಿ ಇನ್ನೊಬ್ಬರು ಯಾರು ಇರುತ್ತಾರೆ ಎಂದು ಕೇಳಿಕೊಳ್ಳಿ. ರಜಾದಿನ ಒಬ್ಬರೇ ಇರುವಾಗ ದ್ರಾವಕ ಕಾಯಿಸುವ ಕೆಲಸ ಮಾಡುವಂತಿಲ್ಲ, ಅದನ್ನು ಯಾವ ಗೈಡ್ ಕೂಡ ಒಪ್ಪಿಕೊಳ್ಳಬೇಕಾಗುತ್ತದೆ.